ಒಬ್ಬರ ರಿಪೋರ್ಟು ಒಬ್ಬರಿಗೆ

ಕಳೆದ ವಾರ ದಾವಣಗೆರೆಯ ಲ್ಯಾಬೊಂದಕ್ಕೆ ಹೋಗಿದ್ದೆ. ರಿಪೋರ್ಟುಗಳು ತಾವಾಗಿಯೇ ಇಮೇಲ್‌ನಲ್ಲಿ ಹೋಗುವಂತೆ ಪ್ರೋಗ್ರಾಂ ಬರೆದುಕೊಡಲು ಒಪ್ಪಿದ್ದೆ. ಬಾಗಿಲು ತಳ್ಳಿದಾಗ ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ ತಡ, ಹಿಂದೆ ಇಲ್ಲಿ ಕೌಂಟರಿನಲ್ಲಿ ಕೂರುತ್ತಿದ್ದ ಅಕ್ಕ ನೆನಪಾದರು...

ಓದುವಾಗ ವಿನೋಬನಗರದಲ್ಲಿ ಬಾಡಿಗೆ ಕೋಣೆಯಲ್ಲಿದ್ದೆ. ಕೆಮ್ಮು ನಿಲ್ಲದೆ ಇದೇ ಲ್ಯಾಬಿನಲ್ಲಿ ಕಫ ಪರೀಕ್ಷೆಗೆ ಕೊಟ್ಟಿದ್ದೆ. ರಿಪೋರ್ಟಿಗೆಂದು ಸರದಿಯಲ್ಲಿ ನಿಂತರೆ, ಗ್ರಹಚಾರ, ಹಿಂದೆಯೇ ನಮ್ಮ ಮನೆ ಮಾಲೀಕರು. ಕ್ಷಯವೆಂದು ತಿಳಿದರೆ ಅಂದೇ ನನ್ನ ಟ್ರಂಕು ಬೀದಿಗೆ, ಓದು ಅಲ್ಲಿಗೆ ಮುಗಿದಂತೆ.

"ನಮ್ಮ ಹುಡುಗಂದು ಏನು ಬಂದೈತೆ ನೋಡ್ರಿ," ಎಂದು ಮಾಲೀಕರೇ ಕತ್ತು ಚಾಚಿದರು.

ಹರಿಹರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಅಕ್ಕ ಕಾಗದ ನೋಡಿದರು, ನನ್ನ ಮುಖ ನೋಡಿದರು. "ಇನ್ನೂ ಬಂದಿಲ್ಲಪ್ಪ. ಊಟದ ಹೊತ್ತಿಗೆ ಬಾ."

ಮಧ್ಯಾಹ್ನ ಒಳಗೆ ಕರೆದು ಬಾಗಿಲು ಹಾಕಿದರು. "ಟಿ.ಬಿ. ಐತೆ. ಹೆದರಬ್ಯಾಡ. ಬಾಯಿಗೆ ಬಟ್ಟೆ ಕಟ್ಕೋ, ಮಾತ್ರೆ ತಪ್ಪಿಸಬ್ಯಾಡ. ಒಬ್ಬರ ರಿಪೋರ್ಟು ಇನ್ನೊಬ್ಬರ ಕಣ್ಣಿಗೆ ಬೀಳಬಾರ್ದು, ನಾನಿರೋ ತನಕ ಬೀಳಲ್ಲ."

ಗುಣವಾದೆ, ಓದು ಮುಗಿಸಿದೆ. ಹೋಗಿ ಅಕ್ಕನಿಗೆ ಒಂದು ಮಾತು ಹೇಳಿ ಬರಲಿಲ್ಲ. ಎಂಥ ದಡ್ಡ ನಾನು...

ಈಗ ಅದೇ ಲ್ಯಾಬಿನ ಕೆಲಸಕ್ಕೆ ಕೂತಾಗ, ಇಮೇಲ್ ಕಳಿಸಲು ಯಾರೋ ಬರೆದಿಟ್ಟ ಸಿದ್ಧ ಕೋಡ್ ಇದ್ದೇ ಇದೆ, ಹತ್ತು ಸಾಲಿನ ಕೆಲಸ ಎಂದು ಬೀಗಿದ್ದೆ. ಮೊದಲು ನನ್ನವೇ ಮೂರು ವಿಳಾಸಗಳಿಗೆ ಕಳಿಸಿ ನೋಡಿದೆ. ಮೊದಲನೆಯದು ಸರಿಯಿತ್ತು. ಎರಡನೆಯದರಲ್ಲಿ ಎರಡು ರಿಪೋರ್ಟು, ಮೂರನೆಯದರಲ್ಲಿ ಮೂರು. ಒಂದೇ ಮೇಲ್ ಅನ್ನು ಎಲ್ಲರಿಗೂ ಬಳಸಿದ್ದೆ. ಪ್ರೋಗ್ರಾಂ ಹಿಂದಿನವರ ರಿಪೋರ್ಟನ್ನು ತೆಗೆಯದೆ ಮುಂದಿನವರದ್ದನ್ನೂ ಅದಕ್ಕೇ ಸೇರಿಸುತ್ತ ಹೋಗಿತ್ತು. ಲ್ಯಾಬಿನ ಯಜಮಾನರನ್ನು ಕರೆದು ತೋರಿಸಿದೆ.

"ಇಷ್ಟಕ್ಕೆಲ್ಲ ಯಾಕ ತಲೆ ಕೆಡಿಸ್ಕೊಂತೀರಿ? ಇವತ್ತು ಶುರು ಮಾಡ್ರಿ, ಆಮೇಲೆ ಸರಿ ಮಾಡಿದ್ರಾತು," ಎಂದರು ಅವರು.

"ಆಗಲ್ಲ ಸರ್," ಎಂದೆ. ಅವರು ಮುಖ ಗಂಟಿಕ್ಕಿದರೂ ಜಗ್ಗಲಿಲ್ಲ. ಪ್ರತಿಯೊಬ್ಬರಿಗೂ ಹೊಸ ಮೇಲ್ ಹುಟ್ಟುವಂತೆ ತಿದ್ದಿದೆ. ಒಂದಕ್ಕಿಂತ ಹೆಚ್ಚು ರಿಪೋರ್ಟು ಸೇರಿದರೆ ಪ್ರೋಗ್ರಾಂ ಅಲ್ಲೇ ನಿಲ್ಲಬೇಕು ಎಂದೂ ಬರೆದೆ. ಎರಡು ದಿನ ಹಿಡಿಯಿತು, ಹಿಡಿಯಲಿ.

ನಿನ್ನೆ ಶುರುವಾಯಿತು. ಒಬ್ಬೊಬ್ಬರಿಗೆ ಒಂದೊಂದೇ ಹೋಯಿತು. ಈಗಲಾದರೂ ಅಕ್ಕನನ್ನು ಕಂಡು ಬರೋಣವೆಂದು ಹರಿಹರದಲ್ಲಿ ಅವರ ಮನೆ ಎಲ್ಲಿ ಎಂದು ಕೇಳಿದೆ. ಅಕ್ಕ ತೀರಿಕೊಂಡು ವರ್ಷವಾಯಿತು ಎಂದರು ಯಜಮಾನರು.

"ಏನಾಗಿತ್ತು ಸರ್?"

"ಗೊತ್ತಿಲ್ರಿ. ತಮ್ಮ ಟೆಸ್ಟು ಬೇರೆ ಊರಾಗೆ ಮಾಡಿಸಿದ್ರಂತೆ. ಕೊನೇ ವಾರದ ತನಕ ಕೌಂಟರ್‌ನಾಗೇ ಕೂತಿದ್ರು, ನಮಗ್ಯಾರಿಗೂ ಹೇಳಲೇ ಇಲ್ಲ."

ನನಗೊಬ್ಬನಿಗಾದರೂ ಹೇಳಬಹುದಿತ್ತು, ಅಕ್ಕ.