ಜೇಬು ಸೇರುತ್ತಿದ್ದ ರಾಣಿ

ನನ್ನ ಭಾವನ ಚೆಸ್ ಅಭ್ಯಾಸಕ್ಕೆ ಮೊದಲು ಬಲಿಯಾದದ್ದು ನನ್ನ ಮೀಸೆ. ಹದಿನೆಂಟು ವರ್ಷ ಸಾಕಿದ ಮೀಸೆ. ಅಂದು ಭಾವ ಎಡಗಡೆ ಒಂದಿಷ್ಟು ಕತ್ತರಿಸಿದರು. ಬಲಗಡೆ ಉದ್ದ ಉಳಿಯಿತೆಂದು ಅಲ್ಲಿ ಕತ್ತರಿಸಿದರು. ಮತ್ತೆ ಎಡಕ್ಕೆ ಬಂದರು. ಅವರ ಕಣ್ಣು ನನ್ನ ಮೂಗಿನ ಕೆಳಗೆ ಇರಲೇ ಇಲ್ಲ. ಅದು ಕನ್ನಡಿಯೊಳಗೆ, ನನ್ನ ಬೆನ್ನ ಹಿಂದಿನ ಬೆಂಚಿನ ಮೇಲೆ ಜೋಡಿಸಿಟ್ಟ ಚೆಸ್ ಹಲಗೆಯ ಮೇಲೆ ನೆಟ್ಟಿತ್ತು. "ಸಿಕ್ತು! ಕುದುರೆ ಕೊಟ್ಬಿಡ್ಬೇಕು!" ಎಂದು ಅವರು ಕೂಗುವ ಹೊತ್ತಿಗೆ ನನ್ನ ಮುಖದ ಮೇಲೆ ಮೀಸೆ ಎನ್ನಬಹುದಾದದ್ದು ಏನೂ ಉಳಿದಿರಲಿಲ್ಲ. ಮರುದಿನ ನೀರು ಸರಬರಾಜು ಕಚೇರಿಯಲ್ಲಿ ನಮ್ಮ ಜವಾನ ನನ್ನನ್ನೇ ತಡೆದು, "ಯಾರು ಬೇಕಿತ್ತು ಸಾರ್?" ಎಂದು ಕೇಳಿದ. ಇಷ್ಟಾದರೂ ನನಗೆ ಭಾವನ ಮೇಲೆ ಸಿಟ್ಟು ನಿಲ್ಲುವುದಿಲ್ಲ. ಯಾಕೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಪೇಟೆಬೀದಿಯ ತಿರುವಿನಲ್ಲಿ ಅವರ ಕಟಿಂಗ್ ಶಾಪ್ ಇದೆ. ಎರಡು ಕುರ್ಚಿ, ಗೋಡೆಯಗಲದ ಕನ್ನಡಿ, ಹಿಂದುಗಡೆ ಕಾಯುವವರಿಗೆ ಒಂದು ಉದ್ದನೆಯ ಬೆಂಚು. ಪಕ್ಕದ ಬಾಗಿಲು ಅಕ್ಕನ ಹೊಲಿಗೆ ಅಂಗಡಿ. ನಡುವೆ ಇರುವುದು ಒಂದೇ ಗೋಡೆಯಾದ್ದರಿಂದ ಗಂಡ ಹೆಂಡತಿ ಮಾತಾಡಬೇಕಾದರೆ ಎದ್ದು ಹೋಗುವುದಿಲ್ಲ, ಇದ್ದಲ್ಲಿಂದಲೇ ಕೂಗುತ್ತಾರೆ. ಅವರ ಮನೆಯ ಸಮಾಚಾರವೆಲ್ಲ ಹೀಗೆ ಊರಿಗೇ ಗೊತ್ತು. ಬೀದಿಯಾಚೆ, ಸರಿಯಾಗಿ ಎದುರಿಗೆ, ಗಡಿಯಾರ ರಿಪೇರಿಯ ಅಂಗಡಿ. ಅದರ ಯಜಮಾನರನ್ನು ಎಲ್ಲರೂ ಗಡಿಯಾರದಣ್ಣ ಎಂದೇ ಕರೆಯುವುದು. ಮಧ್ಯಾಹ್ನ ಊಟದ ನಂತರ ಎರಡೂ ಅಂಗಡಿಗಳಿಗೆ ಗಿರಾಕಿ ಕಡಿಮೆ. ಆಗ ಗಡಿಯಾರದಣ್ಣ ರಸ್ತೆ ದಾಟಿ ಬಂದು ಬೆಂಚಿನ ಒಂದು ತುದಿಗೆ ಕೂರುತ್ತಿದ್ದರು, ಭಾವ ಇನ್ನೊಂದು ತುದಿಗೆ. ನಡುವೆ ಚೆಸ್ ಹಲಗೆ. ಹನ್ನೊಂದು ವರ್ಷದಿಂದ ದಿನಕ್ಕೊಂದು ಆಟ.

ಆ ಆಟ ಶುರುವಾಗುವ ರೀತಿ ಹೀಗಿತ್ತು. ಕಾಯಿಗಳನ್ನೆಲ್ಲ ಜೋಡಿಸಿ ಮುಗಿಸಿದ ಮೇಲೆ ಗಡಿಯಾರದಣ್ಣ ತಮ್ಮ ರಾಣಿಯನ್ನು, ಅಂದರೆ ಹಲಗೆಯ ಮೇಲಿನ ಎಲ್ಲಕ್ಕಿಂತ ಬಲವಾದ ಕಾಯಿಯನ್ನು, ಎರಡು ಬೆರಳಲ್ಲಿ ಎತ್ತಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅಷ್ಟು ಬಿಟ್ಟುಕೊಟ್ಟು ಆಡಿದರೂ ಗೆಲ್ಲುತ್ತಿದ್ದವರು ಅವರೇ. ಭಾವನಿಗೆ ವರ್ಷಕ್ಕೆ ಒಂದೋ ಎರಡೋ ಗೆಲುವು. ಗಡಿಯಾರದಣ್ಣ ಕೆಟ್ಟವರಲ್ಲ, ಜಂಬದವರೂ ಅಲ್ಲ. ಮಗುವಿನ ಕೈಗೆ ಬಿಸಿ ಲೋಟ ಕೊಡುವಾಗ ಅರ್ಧ ಚೆಲ್ಲಿ ಕೊಡುತ್ತೇವಲ್ಲ, ಅಷ್ಟೇ ಕಾಳಜಿಯಿಂದ ಅವರು ರಾಣಿಯನ್ನು ತೆಗೆಯುತ್ತಿದ್ದರು. ಭಾವನಿಗೆ ಚುಚ್ಚುತ್ತಿದ್ದದ್ದೂ ಅದೇ ಕಾಳಜಿ.

"ಸೋತ್ರೆ ಸೋತೆ, ಅದಕ್ಕೇನು," ಎಂದು ಒಮ್ಮೆ ನನ್ನ ಕತ್ತಿನ ಹಿಂದೆ ಪೌಡರ್ ಹಾಕುತ್ತ ಹೇಳಿದ್ದರು. "ಆದ್ರೆ ಅವ್ರು ರಾಣೀನ ಜೇಬಿಗೆ ಹಾಕ್ಕೊಳ್ತಾರಲ್ಲ, ಆಗ ನಾನು ಮುಖ ಎಲ್ಲಿಟ್ಕೊಳ್ಳೋದು ಹೇಳು. ಇಷ್ಟು ದೊಡ್ಡ ಕನ್ನಡಿ ಬೇರೆ. ಎಲ್ಲಿ ತಿರುಗಿದ್ರೂ ನನ್ ಮುಖಾನೇ ಕಾಣತ್ತೆ."

ಅವರಿಗೆ ಬೇಕಾಗಿದ್ದದ್ದು ಇಷ್ಟೇ: ಒಂದು ದಿನ, ಒಂದೇ ಒಂದು ದಿನ, ರಾಣಿಯನ್ನು ಹಲಗೆಯ ಮೇಲೇ ಬಿಟ್ಟು ಗಡಿಯಾರದಣ್ಣ ತಮ್ಮ ಜೊತೆ ಆಡಬೇಕು. ಕೊನೆಗೂ ಧೈರ್ಯ ಮಾಡಿ ಕೇಳಿಯೇಬಿಟ್ಟರು. "ಅಣ್ಣಾ, ಇವತ್ತು ರಾಣಿ ಇರ್ಲಿ."

"ಬೇಡಪ್ಪಾ," ಎಂದರು ಅವರು, ಬಹಳ ಮೆತ್ತಗೆ. "ಆಟ ಬೇಗ ಮುಗಿದ್ಹೋಗತ್ತೆ. ನಿಂಗೂ ಬೇಜಾರು, ನಂಗೂ ಬೇಜಾರು." ಭಾವನ ಮುಖ ನೋಡಿ ಏನನ್ನಿಸಿತೋ, "ಒಂದ್ ಕೆಲ್ಸ ಮಾಡು. ಹೀಗೇ ರಾಣಿ ಇಲ್ದೆ ಸಾಲಾಗಿ ಮೂರು ದಿನ ನನ್ನ ಸೋಲ್ಸು. ನಾಲ್ಕನೇ ದಿನ ರಾಣಿ ಬರ್ತಾಳೆ," ಎಂದರು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ಭಾವನಿಗೆ ಗುರು ಸಿಕ್ಕಿದ್ದು ರದ್ದಿಯಲ್ಲಿ. ಗಡ್ಡ ಹೆರೆಯುವಾಗ ಕತ್ತಿಯ ನೊರೆ ಒರೆಸಲು ಹಳೇ ಕಾಗದ ಬೇಕಲ್ಲ, ಅದಕ್ಕೆಂದು ತಂದ ಕಟ್ಟಿನಲ್ಲಿ ರಟ್ಟು ಕಿತ್ತುಹೋದ ಒಂದು ಪುಸ್ತಕವಿತ್ತು. ದಿನಾ ನಾಲ್ಕಾರು ಹಾಳೆ ಹರಿದು ನೊರೆ ಒರೆಸುತ್ತಿದ್ದ ಭಾವನಿಗೆ ಒಂದು ಬೆಳಿಗ್ಗೆ ಕೈಯಲ್ಲಿದ್ದ ಹಾಳೆಯಲ್ಲಿ ಚೆಸ್ ಹಲಗೆಯ ಚಿತ್ರ ಕಂಡಿತು. ಅಷ್ಟು ಹೊತ್ತಿಗೆ ಮೊದಲ ನಲವತ್ತು ಪುಟ, ಅಂದರೆ ಆಟವನ್ನು ಹೇಗೆ ಆರಂಭಿಸಬೇಕು ಎಂಬ ಅಧ್ಯಾಯ, ಊರವರ ಗಡ್ಡದ ಜೊತೆ ತೊಟ್ಟಿ ಸೇರಿಯಾಗಿತ್ತು. ಉಳಿದದ್ದರಲ್ಲಿ ಅರ್ಧ ಬಿಡಿ ಸಮಸ್ಯೆಗಳು: ಒಂದೇ ಕುದುರೆ ಹಾರಿ ಎರಡು ಕಾಯಿಗೆ ಒಟ್ಟಿಗೆ ಬೆದರಿಕೆ ಹಾಕುವುದು, ರಾಜನ ಮುಂದೆ ನಿಂತ ಕಾಯಿ ಅಲುಗದಂತೆ ಕಟ್ಟಿಹಾಕುವುದು, ಇಂಥವು. ಇನ್ನರ್ಧ, ಹಿಂದಿನ ಕಾಲದ ಮಹಾ ಆಟಗಾರರು ಆಡಿದ ಆಟಗಳು, ಮೊದಲ ನಡೆಯಿಂದ ಕೊನೆಯವರೆಗೆ.

ಅಂದಿನಿಂದ ಬೆಂಚಿನ ಮೇಲಿನ ಹಲಗೆಯಲ್ಲಿ ದಿನಕ್ಕೊಂದು ಸಮಸ್ಯೆ. ಗಿರಾಕಿಯ ತಲೆ ಕತ್ತರಿಸುತ್ತಲೇ ಭಾವ ಅದನ್ನು ಕನ್ನಡಿಯಲ್ಲಿ ನೋಡಿ ಬಿಡಿಸುತ್ತಿದ್ದರು. ನನ್ನ ಮೀಸೆ ಹೋದದ್ದು ಆ ದಿನಗಳಲ್ಲೇ. ಆರು ತಿಂಗಳಲ್ಲಿ ನೂರಾರು ಸಮಸ್ಯೆ ಬಿಡಿಸಿದರು, ಹತ್ತು ಹನ್ನೆರಡು ಆಟ ಬಾಯಿಪಾಠ ಮಾಡಿದರು. ಆಮೇಲೆ ನೋಡಿದರೆ, ಮೊದಲಿಗಿಂತ ಹೀನಾಯವಾಗಿ ಸೋಲತೊಡಗಿದರು! ಎದುರಾಳಿಯ ರಾಜ ಬಲಮೂಲೆಯಲ್ಲಿ ಹಾಯಾಗಿ ಕೂತಿದ್ದರೆ ಭಾವನ ದಂಡೆಲ್ಲ ಎಡಮೂಲೆಗೆ ನುಗ್ಗುತ್ತಿತ್ತು. ಅಲ್ಲಿ ಹೊಡೆಯಲು ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಗಡಿಯಾರದಣ್ಣನಿಗೂ ಪಾಪ ಅನ್ನಿಸಿ, "ರಾಣಿ ಜೊತೆ ಒಂದು ಆನೇನೂ ತೆಗೀಲಾ?" ಎಂದು ಕೇಳಿಬಿಟ್ಟರು. ಅಂದು ರಾತ್ರಿ ಭಾವ ಊಟ ಮಾಡಲಿಲ್ಲ.

ಏನು ಎಡವಟ್ಟಾಗಿದೆ ಎಂದು ಹಿಡಿದವಳು ಅಕ್ಕ. ಅವಳಿಗೆ ಆಗ ಚೆಸ್ ಎಂದರೆ ಏನೆಂದೂ ಗೊತ್ತಿರಲಿಲ್ಲ. ಟೀ ಕೊಡಲು ಬಂದವಳು ಕತ್ತಿನಲ್ಲಿ ಟೇಪು ನೇತುಹಾಕಿಕೊಂಡು ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದಳು. ಪುಸ್ತಕದ ಚಿತ್ರ ನೋಡಿದಳು, ಹಲಗೆ ನೋಡಿದಳು, ಕನ್ನಡಿ ನೋಡಿದಳು.

"ರೀ, ನೀವು ಇದನ್ನ ಯಾವಾಗ್ಲೂ ಕನ್ನಡೀಲೇ ನೋಡೋದಾ?"

"ಮತ್ತಿನ್ನೇನು, ಕತ್ತಿನ ಹಿಂದೆ ಕಣ್ಣಿದ್ಯಾ ನಂಗೆ?"

"ಅಂಗಿಗೆ ಎಡತೋಳು ಬಲಕ್ಕೆ, ಬಲತೋಳು ಎಡಕ್ಕೆ ಹೊಲ್ದಂಗಾಯ್ತು. ನೀವು ಕಲ್ತಿರೋದೆಲ್ಲ ಉಲ್ಟಾ!"

ಅವಳು ಹೇಳಿದ್ದು ನಿಜವಾಗಿತ್ತು. ಆರು ತಿಂಗಳ ಮಾತಿರಲಿ, ಭಾವ ಚೆಸ್ ಕಲಿತದ್ದೇ ಬೆಂಚಿನ ಮೇಲೆ ಗಿರಾಕಿಗಳು ಆಡುವುದನ್ನು ಕನ್ನಡಿಯಲ್ಲಿ ನೋಡಿ ನೋಡಿ. ಅವರ ತಲೆಯೊಳಗಿನ ಹಲಗೆಯಲ್ಲಿ ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಬೇರೆ ಯಾರೇ ಆಗಿದ್ದರೂ ಪುಸ್ತಕವನ್ನು ನೊರೆ ಒರೆಸಲು ವಾಪಸು ಕೊಡುತ್ತಿದ್ದರು. ಭಾವ ಮೊದಲು ಹೌಹಾರಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಹಂಗಾದ್ರೆ ನನ್ ತಲೆ ಸರಿ ಇದೆ! ಕನ್ನಡೀದೇ ತಪ್ಪು!" ಕುರ್ಚಿಯಲ್ಲಿ ಕೂತಿದ್ದ ಗಿರಾಕಿ, "ಸ್ವಾಮೀ, ನನ್ನ ಎಡಕಿವಿ ಎಡಕ್ಕೇ ಇದೆ ತಾನೆ?" ಎಂದು ಮುಟ್ಟಿ ನೋಡಿಕೊಂಡ.

ಮರುದಿನದಿಂದ ಪಾಠ ಅಡುಗೆಮನೆಯ ಮೇಜಿಗೆ ಬಂತು. ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಒಂದು ಗಂಟೆ, ಕನ್ನಡಿಯಿಲ್ಲದ ಜಾಗದಲ್ಲಿ. ಆಟ ಅಚ್ಚಾದ ಪುಟದ ಮೇಲೆ ಭಾವ ಉದ್ದನೆಯ ಬಾಚಣಿಗೆಯೊಂದನ್ನು ಅಡ್ಡ ಇಡುತ್ತಿದ್ದರು, ಮುಂದಿನ ನಡೆ ಕಾಣದ ಹಾಗೆ. ಆ ಮಹಾಶಯ ಇಲ್ಲಿ ಏನು ಆಡಿರಬಹುದು ಎಂದು ಯೋಚಿಸಿ, ಬಾಯಿಬಿಟ್ಟು ಹೇಳಿ, ಆಮೇಲೆ ಬಾಚಣಿಗೆಯನ್ನು ಒಂದು ಸಾಲು ಕೆಳಗೆ ಜಾರಿಸುವುದು. ಮೂವತ್ತು ನಡೆಗೆ ಎಷ್ಟು ಸರಿಯಾಯಿತು ಎಂದು ಅಕ್ಕ ತನ್ನ ಅಳತೆಪುಸ್ತಕದ ಹಿಂದಿನ ಪುಟದಲ್ಲಿ ಗೀಟು ಹಾಕುತ್ತಿದ್ದಳು. ಮೊದಲ ವಾರ ಮೂರು. ಎರಡು ತಿಂಗಳಿಗೆ ಒಂಬತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಹದಿನಾರು.

ಆ ಬೆಳಗುಗಳಲ್ಲಿ ನಾನು ಹಲವು ಸಲ ಅಲ್ಲಿದ್ದೆ, ಅಕ್ಕನ ಕೈಯ ಕಾಫಿಯ ಆಸೆಗೆ. ಭಾವನಷ್ಟು ಖುಷಿಯಾಗಿರುವ ಮನುಷ್ಯನನ್ನು ನಾನು ನೋಡಿಲ್ಲ. ನೂರು ವರ್ಷದ ಹಿಂದಿನ ಒಂದು ಆಟದಲ್ಲಿ ಒಬ್ಬಾತ ತನ್ನ ರಾಣಿಯನ್ನೇ ಎದುರಾಳಿಗೆ ಕೊಟ್ಟು, ಉಳಿದ ಒಂದು ಒಂಟೆ ಒಂದು ಕುದುರೆಯಿಂದ ರಾಜನನ್ನು ಕಟ್ಟಿಹಾಕಿದ್ದ. ಬಾಚಣಿಗೆ ಜಾರಿದ್ದೇ ತಡ, ಭಾವ ಎದ್ದು ನಿಂತು ಚಪ್ಪಾಳೆ ಹೊಡೆದರು. "ಏನ್ ತಲೆ ನೋಡೇ ಈ ಪುಣ್ಯಾತ್ಮಂದು! ಇವತ್ತು ನಮ್ಮಂಗ್ಡಿಗೆ ಬಂದ್ರೆ ಆ ತಲೆ ಮುಟ್ಟೋಕೇ ನಂಗೆ ಭಯ ಆಗತ್ತೆ."

"ಬೋಳಾಗಿರತ್ತೆ ಬಿಡಿ," ಎಂದಳು ಅಕ್ಕ. "ಇಷ್ಟೆಲ್ಲ ಯೋಚ್ನೆ ಮಾಡೋರಿಗೆ ಕೂದ್ಲೆಲ್ಲಿ ನಿಲ್ಲತ್ತೆ?" ಹೀಗೆಂದವಳೇ ಮುಂದಿನ ನಡೆಯನ್ನು ಭಾವನಿಗಿಂತ ಮೊದಲು ಹೇಳಿಬಿಟ್ಟಳು. ಸರಿಯಾಗಿತ್ತು. ಭಾವ ಅವಳನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು.

ಅಂಗಡಿಯ ಆಟದಲ್ಲೂ ಬದಲಾವಣೆ ಕಾಣತೊಡಗಿತು. ಮೊದಲೆಲ್ಲ ಕೈಗೆ ಸಿಕ್ಕ ಕಾಯಿ ಎತ್ತಿಡುತ್ತಿದ್ದ ಭಾವ ಈಗ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂರುತ್ತಿದ್ದರು. ಎದುರಿನವರು ಯಾಕೆ ಹೀಗೆ ಆಡಿದರು ಎಂದು ಮೊದಲು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಒಂದು ಬುಧವಾರ ಗೆದ್ದರು. ಗುರುವಾರವೂ ಗೆದ್ದರು. ಶುಕ್ರವಾರ ಗಿರಾಕಿಗಳು ಕ್ಷೌರ ಇಲ್ಲದಿದ್ದರೂ ಬಂದು ನಿಂತರು, ಭಾವ ಗಾಬರಿಯಲ್ಲಿ ಒಂದು ಆನೆಯನ್ನು ಪುಕ್ಕಟೆ ಕೊಟ್ಟು ಸೋತರು. ಲೆಕ್ಕ ಮತ್ತೆ ಸೊನ್ನೆಯಿಂದ. ತಿಂಗಳಾದ ಮೇಲೆ ಪುನಃ ಎರಡು ಗೆಲುವು. ಮೂರನೆಯದರಲ್ಲಿ ಗೆಲುವು ಅಂಗೈಯಲ್ಲೇ ಇತ್ತು. ಆದರೆ ಗಡಿಯಾರದಣ್ಣನ ಒಂಟಿ ರಾಜನಿಗೆ ಅಲುಗಲು ಒಂದು ಮನೆಯನ್ನೂ ಬಿಡದೆ, ಚೆಕ್ ಕೂಡ ಕೊಡದೆ ಮುತ್ತಿಬಿಟ್ಟರು. ಹಾಗಾದರೆ ಆಟ ಸಮ, ಗೆಲುವಲ್ಲ. ನಾನು ತಲೆ ಚಚ್ಚಿಕೊಂಡೆ. ಗೋಡೆಯಾಚೆಯಿಂದ ಅಕ್ಕ, "ಆಯ್ತಾ?" ಎಂದು ಕೂಗಿದಳು. "ಇನ್ನೊಂದ್ಸಲ!" ಎಂದು ಭಾವ ಕೂಗಿ ಹೇಳಿದರು, ಏನೂ ಆಗದವರಂತೆ.

ಆ ಇನ್ನೊಂದು ಸಲ ಬರಲು ಏಳು ವಾರ ಬೇಕಾಯಿತು. ಬುಧವಾರ, ಗುರುವಾರ, ಶುಕ್ರವಾರ. ಮೂರನೇ ಆಟದ ಕೊನೆಯಲ್ಲಿ ಭಾವನ ಕುದುರೆ ಹಾರಿ ರಾಜನಿಗೂ ಆನೆಗೂ ಒಟ್ಟಿಗೆ ಬೆದರಿಕೆ ಹಾಕಿತು. ಗಡಿಯಾರದಣ್ಣ ಬಹಳ ಹೊತ್ತು ನೋಡಿ ತಮ್ಮ ರಾಜನನ್ನು ಮೆಲ್ಲಗೆ ಮಲಗಿಸಿದರು. "ನಾಳೆ ಬರ್ತೀನಿ," ಎಂದಷ್ಟೇ ಹೇಳಿ ರಸ್ತೆ ದಾಟಿದರು.

ಶನಿವಾರ ನಾನು ಅರ್ಧ ದಿನ ರಜೆ ಹಾಕಿದೆ. ಕಟಿಂಗ್ ಮಾಡಿಸಿಕೊಳ್ಳುವ ನೆಪ ಮಾಡಿ ಹೋಗಿ ಕೂತೆ. ಬಲಗಡೆ ಮುಗಿದು ಎಡಗಡೆ ಶುರುವಾಗುವಷ್ಟರಲ್ಲಿ ಗಡಿಯಾರದಣ್ಣ ಬಂದರು. ಭಾವ ಕತ್ತರಿ ಕೆಳಗಿಟ್ಟರು. ನಾನು ಕೊರಳಿಗೆ ಬಟ್ಟೆ ಸುತ್ತಿಕೊಂಡು ಅರ್ಧ ತಲೆಯಲ್ಲೇ ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿಕೊಂಡೆ.

ಕಾಯಿ ಜೋಡಿಸಿದರು. ಹನ್ನೊಂದು ವರ್ಷದ ರೂಢಿ, ಗಡಿಯಾರದಣ್ಣನ ಕೈ ತಾನಾಗಿ ರಾಣಿಯ ಕಡೆ ಹೋಯಿತು. ಎರಡು ಬೆರಳು ಅವಳ ತಲೆಯ ಮೇಲೆ ನಿಂತವು. ಅವರು ರಾಣಿಯನ್ನು ಅವಳ ಮನೆಯ ನಟ್ಟನಡುವೆ ಸರಿಯಾಗಿ ನಿಲ್ಲಿಸಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಆಡು," ಎಂದರು.

ಭಾವ ಆಡಲಿಲ್ಲ. ಅವರ ಕಣ್ಣು ತುಂಬಿಬಂದಿತ್ತು, ಹಲಗೆಯೇ ಕಾಣುತ್ತಿರಲಿಲ್ಲ. ಗಿರಾಕಿಗಳ ಮುಖ ಒರೆಸುವ ಟವೆಲಿನಿಂದ ತಮ್ಮ ಮುಖ ಒರೆಸಿಕೊಂಡು, ಮೂಗು ಸೀಟಿ, ಆಮೇಲೆ ಮೊದಲ ಕಾಲಾಳನ್ನು ಮುಂದಕ್ಕೆ ತಳ್ಳಿದರು.

ಎರಡು ಗಂಟೆ ನಡೆಯಿತು ಆ ಆಟ. ಗಡಿಯಾರದಣ್ಣನ ಟೀ ಮುಟ್ಟದೆ ತಣ್ಣಗಾಯಿತು. ಅವರ ಅಂಗಡಿಯ ಮುಂದೆ ಯಾರೋ ಬಂದು ಕರೆದು ಕರೆದು ಹೊರಟುಹೋದರು. ಮಧ್ಯದಲ್ಲಿ ಒಮ್ಮೆ ಭಾವನ ಕುದುರೆ ಎಲ್ಲಿಂದಲೋ ನುಗ್ಗಿ ಬಂದಾಗ ಗಡಿಯಾರದಣ್ಣ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು. ಕೊನೆಗೆ ಹಲಗೆಯ ಮೇಲೆ ಎರಡು ರಾಜ, ಒಂದೆರಡು ಕಾಲಾಳು ಉಳಿದವು. ಭಾವನಿಗೆ ಒಂದೇ ಒಂದು ನಡೆ ಸಾಲದೆ ಹೋಯಿತು. ತಮ್ಮ ರಾಜನನ್ನು ತಾವೇ ಮಲಗಿಸಿದರು.

ಗಡಿಯಾರದಣ್ಣ ಬೆನ್ನಿನ ಬೆವರಿಗೆ ಅಂಟಿದ್ದ ಅಂಗಿ ಬಿಡಿಸಿಕೊಂಡರು. "ಎರಡ್ ಸಲ ಮುಗೀತು ನನ್ನ ಕಥೆ ಅಂದ್ಕೊಂಡೆ," ಎಂದರು. ಎದ್ದು ಬಾಗಿಲವರೆಗೆ ಹೋಗಿ ತಿರುಗಿದರು. ಇಷ್ಟು ವರ್ಷ ಆಟಕ್ಕೆ ಕರೆಯುತ್ತಿದ್ದವರು ಭಾವ. ಈಗ ಗಡಿಯಾರದಣ್ಣನೇ ಕೇಳಿದರು: "ನಾಳೆ ನಿಂಗೆ ಯಾವಾಗ ಬಿಡುವಾಗತ್ತೆ?"

ಹೊಲಿಗೆ ಮೆಷಿನ್ನಿನ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು. ಅಕ್ಕ ಓಡಿ ಬಂದಳು, ಬಾಯಿಯಲ್ಲಿ ಇನ್ನೂ ಗುಂಡುಪಿನ್ನು ಕಚ್ಚಿಕೊಂಡು. ಅದನ್ನು ತೆಗೆದು, "ಗೆದ್ರಾ?" ಎಂದಳು.

"ಸೋತೆ ಕಣೇ!" ಎಂದರು ಭಾವ. ಬೀದಿಯ ಆಚೆ ಬದಿಯವರೂ ತಿರುಗಿ ನೋಡುವಷ್ಟು ಜೋರಾಗಿ, ಮುಖವೆಲ್ಲ ನಗುವಾಗಿ. "ಐವತ್ತೆಂಟು ನಡೆ! ಅವ್ರ ರಾಣೀನ ನಾನೇ ಹೊಡ್ದೆ, ನಲವತ್ತನೇ ನಡೇಲಿ. ಆಮೇಲೆ ಸೋತೆ."

ಅಕ್ಕ ಹಲಗೆಯನ್ನು ನೋಡಿದಳು, ಗಂಡನ ಕೆಂಪಗಾದ ಕಣ್ಣನ್ನು ನೋಡಿದಳು.

"ಅಂತೂ ಹನ್ನೊಂದು ವರ್ಷಕ್ಕೆ ಒಂದ್ಸಲ ಸರಿಯಾಗಿ ಸೋತ್ರಲ್ಲ," ಎಂದಳು.