ಭದ್ರೆಯಲ್ಲಿ ಹುಳ ಹುಡುಕಿದ್ದು

ಭದ್ರಾ ಹೊಳೆಯ ಯಾವ ಭಾಗವನ್ನು ಜೋಪಾನ ಮಾಡಬೇಕು ಅಂತ ನೋಡಿ ಹೇಳುವುದು ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಕೆಲಸವಾಗಿತ್ತು. ಒಂದು ದಿನ ಭದ್ರಾವತಿಗಿಂತ ಸ್ವಲ್ಪ ಮೇಲೆ, ಹೊಳೆ ಊರು ಸೇರುವ ಮುಂಚೆಯೇ ದಡದಲ್ಲಿ ಜೀಪು ನಿಲ್ಲಿಸಿದೆವು. ಜೊತೆಗಿದ್ದ ಹಿರಿಯ ಅಧಿಕಾರಿ ಇಳಿಯಲೇ ಇಲ್ಲ. "ಫ್ಯಾಕ್ಟರಿ ಊರಿನ ಪಕ್ಕ ಏನಿರುತ್ತೆ? ಇದನ್ನ ಬಿಟ್ಟುಬಿಡೋಣ" ಅಂದರು.

ನಾನು ಅದೇ ಊರಲ್ಲಿ ಹುಟ್ಟಿದವಳು. ಸುಮ್ಮನಿರಲಾಗದೆ ನೀರಿಗಿಳಿದು ಕಲ್ಲು ಮಗುಚತೊಡಗಿದೆ.

ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು, "ಏನ್ ಕಳ್ಕೊಂಡೆ ಮಾರಾಯ್ತಿ?" ಅಂದರು.

"ಏನಿಲ್ಲಕ್ಕಾ, ಹುಳ ಹುಡುಕ್ತಿದೀನಿ."

ಅವರಿಗೆ ಸಿಟ್ಟೇ ಬಂತು. "ನಮ್ ಹೊಳೇಲಿ ಹುಳಾನಾ? ನಾವು ಕುಡಿಯೋದೇ ಈ ನೀರು!"

ಅಷ್ಟರಲ್ಲಿ ಕಲ್ಲಿನಡಿ ಎರಡು ಬಾಲದ ಚಪ್ಪಟೆ ಹುಳ ಸಿಕ್ಕಿತು. "ಕೊಳಕು ನೀರಲ್ಲಿ ಇದು ಬದುಕಲ್ಲಕ್ಕಾ. ಇದಿದೆ ಅಂದ್ರೆ ನಿಮ್ ಹೊಳೆ ಚೊಕ್ಕಟ ಇದೆ ಅಂತ" ಅಂದೆ.

ಅವರು ಹುಳ ಅಂಟಿಕೊಂಡಿದ್ದ ಆ ಕಲ್ಲನ್ನು ನನ್ನ ಕೈಯಿಂದ ಕಿತ್ತುಕೊಂಡು ನೇರ ಜೀಪಿನ ಹತ್ತಿರ ನಡೆದರು. "ನೋಡಿ ಸ್ವಾಮಿ, ನಮ್ ಹೊಳೇಲಿ ಎಂಥಾ ಹುಳ ಇದೆ!"

ಅಧಿಕಾರಿ ಬೂಟು ಬಿಚ್ಚಿ ನೀರಿಗಿಳಿದರು. ಕಾಪಾಡಬೇಕಾದ ಜಾಗಗಳ ಪಟ್ಟಿಗೆ ಅದೂ ಸೇರಿತು. ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಇನ್ನೊಮ್ಮೆ ಹೋದಾಗ ಆ ಅಕ್ಕ ಮನೆಗೆ ಕರೆದು, ಬಟ್ಟೆಯಲ್ಲಿ ಸೋಸಿದ ನೀರು ಕೊಟ್ಟರು. "ಯಾವಾಗಲೂ ಸೋಸ್ತೀರಾ?" ಅಂದೆ.

"ಇಲ್ಲಮ್ಮ, ನೀನು ಹುಳ ತೋರಿಸಿದ ಮೇಲೆ ಶುರು ಮಾಡಿದ್ದು."