ಕ್ಷೌರಿಕ ಭಿಕ್ಷುವಾಗಲು ಹೊರಟದ್ದು

ದೇಶದೇಶದ ಭಿಕ್ಷುಗಳು ಬಂದಿಳಿಯುವ ಬೌದ್ಧ ವಿಹಾರದ ಕ್ಷೌರಿಕನಿಗೆ ತಲೆಗಳ ಮೇಲೆ ಎಳ್ಳಷ್ಟೂ ಗೌರವವಿರಲಿಲ್ಲ. ನಲವತ್ತು ವರ್ಷ ಬೋಳಿಸಿದವನಿಗೆ ಹೇಗೆ ಇದ್ದೀತು? ಥಾಯ್ ಭಿಕ್ಷುಗಳಿಗೆ ಹುಬ್ಬನ್ನೂ ತೆಗೆಯಬೇಕು. ಬರ್ಮಾದವರ ಹುಬ್ಬು ಮುಟ್ಟಿದರೆ ರಂಪ. ಟಿಬೆಟಿನವರಿಗೆ ನೆತ್ತಿಯಲ್ಲಿ ಚಿಟಿಕೆ ಕೂದಲು ಉಳಿಸಬೇಕು, ಅದನ್ನು ಗುರುವೇ ಕತ್ತರಿಸಬೇಕು. ಜಪಾನಿನವರಿಗೋ ಬೋಳಿಸುವ ದಿನದ ತಾರೀಖಿನಲ್ಲಿ ನಾಲ್ಕೋ ಒಂಬತ್ತೋ ಇರಲೇಬೇಕು.

"ಕೂದಲನ್ನೇ ಬಿಟ್ಟೋರು ತಾರೀಖು ಬಿಡಲ್ಲ ನೋಡಮ್ಮ" ಎಂದು ಸೊಸೆಯ ಮುಂದೆ ಮೂಗು ಮುರಿಯುತ್ತಿದ್ದ. ಹದಿನೈದು ದಿನದ ಮಟ್ಟಿಗೆ ಭಿಕ್ಷುಗಳಾಗಲು ಬರುವವರನ್ನು ಕಂಡರಂತೂ ಅವನಿಗೆ ಮೈಯೆಲ್ಲ ಉರಿ. ಅವರಲ್ಲೊಬ್ಬ ಮೀಸೆ ಮಾತ್ರ ಉಳಿಸಲು ಕೇಳಿದ್ದನಂತೆ.

ಇಂಥವನೇ ಹೆಂಡತಿ ಸತ್ತ ಮೇಲೆ, ಅರವತ್ತೆಂಟರಲ್ಲಿ, ಕೊನೆಯತನಕ ಭಿಕ್ಷುವಾಗಿರುತ್ತೇನೆಂದು ಹೊರಟ. ಭಕ್ತಿಯೇನೂ ಉಕ್ಕಿ ಹರಿದಿರಲಿಲ್ಲ. ಮಗನ ಮನೆಯಲ್ಲಿ ಅವನ ಮಂಚ ಇದ್ದದ್ದು ಓಡಾಡುವ ದಾರಿಯಲ್ಲಿ. ವಿಹಾರದಲ್ಲಿ ಕಿಟಕಿಯಿರುವ ಸ್ವಂತ ಕೋಣೆ ಸಿಗುತ್ತಿತ್ತು. ಆ ಕೋಣೆಯಲ್ಲೇ ಪ್ರಾಣ ಬಿಡಬೇಕೆಂಬುದು ಅವನ ಒಂದೇ ಆಸೆ.

ಜೊತೆಗೆ ಒಂದು ಹಳೆಯ ಕಥೆ ತಲೆ ಹೊಕ್ಕಿತ್ತು. ಬುದ್ಧನ ಕಾಲದಲ್ಲಿ ಶಾಕ್ಯ ರಾಜಕುಮಾರರು ತಮ್ಮ ಸೊಕ್ಕು ಮುರಿಯಲೆಂದು ತಮ್ಮ ಕ್ಷೌರಿಕ ಉಪಾಲಿಗೇ ಮೊದಲು ದೀಕ್ಷೆ ಕೊಡಿಸಿ, ಅವನಿಗೆ ಅಡ್ಡಬಿದ್ದರಂತೆ. ಸಂಘದಲ್ಲಿ ಗಳಿಗೆ ಮುಂಚೆ ದೀಕ್ಷೆ ಪಡೆದವನೂ ಹಿರಿಯನೇ, ಅವನಿಗೆ ಕಿರಿಯ ಅಡ್ಡಬೀಳಲೇಬೇಕು. ಊರಿನ ಸಿಮೆಂಟ್ ಸಾಹುಕಾರ, ಬಿ.ಪಿ. ಇಳಿಯುತ್ತದೆಂಬ ಡಾಕ್ಟರ ಮಾತು ಕೇಳಿ, ಹದಿನೈದು ದಿನದ ದೀಕ್ಷೆಗೆ ಬರುತ್ತಾನೆಂದು ತಿಳಿದದ್ದೇ, ಕ್ಷೌರಿಕ ತನ್ನ ದೀಕ್ಷೆಗೂ ಅದೇ ದಿನ ಗೊತ್ತು ಮಾಡಿಕೊಂಡ. ಮೂವತ್ತು ವರ್ಷ ಅವನ ಹಿತ್ತಿಲಲ್ಲಿ ನಿಂತು ಕ್ಷೌರ ಮಾಡಿದ್ದವನು ಇವನು. ಒಂದು ದಿನವೂ 'ಕೂತ್ಕೋ' ಎನಿಸಿಕೊಂಡವನಲ್ಲ.

"ಭಂತೇ, ಮೊದಲು ನನಗೆ. ಉಪಾಲಿ ಕಥೆ ಗೊತ್ತಲ್ಲ?" ಎಂದು ಹಿರಿಯ ಭಿಕ್ಷುವನ್ನು ಕೇಳಿದ. ಅವರು ಆಗಲಿ ಎಂದರು.

ಆ ಬೆಳಿಗ್ಗೆ ಕ್ಷೌರಿಕ ಮನೆಯಲ್ಲೇ ತನ್ನ ತಲೆ ಬೋಳಿಸಿಕೊಂಡು ಬಂದ. ನಲ್ಲಿಯ ಹತ್ತಿರ ಸಾಹುಕಾರನನ್ನು ಕೂರಿಸಿ, ಅರ್ಧ ತಲೆ ಮುಗಿಯುವವರೆಗೂ ತುಟಿ ಬಿಚ್ಚಲಿಲ್ಲ. ಆಮೇಲೆ ಬೆಣ್ಣೆಯಂಥ ದನಿಯಲ್ಲಿ ಹೇಳಿದ: "ಸಾಹುಕಾರ್ರೇ, ದೀಕ್ಷೆ ಮೊದಲು ನನಗೆ. ಆಮೇಲೆ ನೀವು ನನಗೆ ಮೂರು ಸಲ ಅಡ್ಡಬೀಳ್ಬೇಕು."

"ನಿನಗಾ? ತಲೆಗಿಲೆ ಕೆಟ್ಟಿದೆಯೇನೋ!"

ಪಕ್ಕದಲ್ಲೇ ನಿಂತಿದ್ದ ಹಿರಿಯ ಭಿಕ್ಷು ಹೌದೆಂದು ತಲೆಯಾಡಿಸಿದರು. ಸಾಹುಕಾರ ಅರ್ಧ ಬೋಳು, ಅರ್ಧ ಕೂದಲಿನ ತಲೆಗೆ ಟವೆಲ್ ಸುತ್ತಿಕೊಂಡು ಕಾರು ಹತ್ತಿದ. ಕ್ಷೌರಿಕ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಇಷ್ಟು ಸುಖ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

"ನಕ್ಕದ್ದಾಯ್ತಾ? ಬಾ. ಪೆಟ್ಟಿಗೆ ಹೊರಗಿಡು. ಕ್ಷೌರಿಕನಾಗಿದ್ದವನು ಭಿಕ್ಷುವಾದ ಮೇಲೆ ಕತ್ತಿ ಇಟ್ಕೊಳ್ಳೋ ಹಾಗಿಲ್ಲ" ಎಂದರು ಹಿರಿಯರು. ಇಟ್ಟ. ಅದೇನೂ ಅವನಿಗೆ ಕಷ್ಟವಾಗಲಿಲ್ಲ.

ಒಳಗೆ ಹನ್ನೊಂದು ಮಂದಿ ಭಿಕ್ಷುಗಳು ಹಿರಿತನದ ಸಾಲಿನಲ್ಲಿ ಕೂತಿದ್ದರು. ದೀಕ್ಷೆಗೆ ಮುಂಚೆ ಎಲ್ಲರಿಗೂ ನಮಸ್ಕರಿಸಬೇಕು. ಮಂಡಿ ಲಟಲಟ ಎಂದರೂ ಹತ್ತು ಜನರದ್ದು ಮುಗಿಸಿದ. ಹನ್ನೊಂದನೆಯವನು ಅವನ ಹೆಂಡತಿಯ ತಮ್ಮ. ನಲ್ಲಿ ರಿಪೇರಿಯವ, ಕುಡುಕ. ಹಿಂದೊಮ್ಮೆ ಕ್ಷೌರಿಕನೇ ಅವನ ಕತ್ತು ಹಿಡಿದು ಮನೆಯಿಂದ ದಬ್ಬಿದ್ದ. ಕುಡಿತ ಬಿಟ್ಟು ನಾಲ್ಕು ತಿಂಗಳ ಹಿಂದೆ ಭಿಕ್ಷುವಾದಾಗ ಅವನ ತಲೆ ಬೋಳಿಸಿದವನೂ ಇವನೇ, ಕೊಂಚ ಜೋರಾಗಿ ಕೆರೆದೇ ಬೋಳಿಸಿದ್ದ. ಸಾಹುಕಾರನನ್ನು ಬಗ್ಗಿಸುವ ಉಮೇದಿನಲ್ಲಿ ಈ ಬುದ್ಧಿವಂತ ಇದೊಂದನ್ನು ಯೋಚಿಸಿರಲಿಲ್ಲ.

"ಇದೊಂದು ಬಿಟ್ಬಿಡ್ಲಾ, ಭಂತೇ? ಇವನು ನನ್ನ ಭಾವಮೈದ."

"ಇಲ್ಲಿ ನಿನಗಿಂತ ಹಿರಿಯ."

ಭಾವಮೈದ ನಗಲಿಲ್ಲ, ಕಣ್ಣು ತಗ್ಗಿಸಿ ಕೂತಿದ್ದ. ನಕ್ಕಿದ್ದರೆ ಒಂದು ಬಿಗಿದಾದರೂ ಹಗುರಾಗಬಹುದಿತ್ತು. ಕ್ಷೌರಿಕನಿಗೆ ಕಿಟಕಿಯ ಕೋಣೆ ಬೇಕಿತ್ತು, ತುಂಬಾ ಬೇಕಿತ್ತು. ಮಂಡಿ ಅರ್ಧ ಬಗ್ಗಿತು. ಅಲ್ಲೇ ನಿಂತಿತು. ಅವನು ತಿರುಗಿ ಹೊರಗೆ ಬಂದು ಪೆಟ್ಟಿಗೆ ಎತ್ತಿಕೊಂಡ.

"ಯಾಕೆ ಮಾವ, ವಾಪಸ್ ಬಂದ್ಬಿಟ್ರಿ?" ಮನೆಯಲ್ಲಿ ಸೊಸೆ ಕೇಳಿದಳು.

"ಕತ್ತಿ ಬಿಡ್ಬೇಕಂತಮ್ಮ. ಅನ್ನ ಕೊಟ್ಟ ಕತ್ತಿ, ಹೇಗೆ ಬಿಡ್ಲಿ?" ಎಂದ.

ಅವಳು ಅದನ್ನು ನಂಬಿ, ಮಡಚಿಟ್ಟಿದ್ದ ಹಾಸಿಗೆಯನ್ನು ಓಡಾಡುವ ದಾರಿಯ ಮಂಚದ ಮೇಲೆ ಮತ್ತೆ ಹಾಸಿದಳು.